ಮಡಚುಗತ್ತಿಯನ್ನು ಕೊಳ್ಳುವ ಮುನ್ನ

ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತೇವೆ. ಸೀರೆಯ ಸೆರಗನ್ನು ಬೆಳಕಿಗೆ ಹಿಡಿಯುತ್ತೇವೆ. ಮಡಕೆಯನ್ನು ಬೆರಳಿನಿಂದ ತಟ್ಟಿ ನಾದವನ್ನು ಕೇಳುತ್ತೇವೆ. ಆದರೆ ಚಾಕು-ಕತ್ತಿಗಳ ವಿಷಯ ಬಂದಾಗ ಮಾತ್ರ ಹೊಳಪನ್ನು ಕಂಡೊಡನೆಯೇ ಹಣ ತೆತ್ತು ಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಹೊಳಪು ಸಾಣೆಯ ಕೆಲಸ. ಹರಿತವನ್ನು ಉಳಿಸಿಕೊಳ್ಳುವುದು ಉಕ್ಕಿನ ಹದದ ಕೆಲಸ. ಇವೆರಡನ್ನೂ ಒಂದೆಂದು ಭಾವಿಸಿದವರು ಹಣವನ್ನಷ್ಟೇ ಅಲ್ಲ, ಕೆಲವೊಮ್ಮೆ ಬೆರಳನ್ನೂ ನೋಯಿಸಿಕೊಳ್ಳಬೇಕಾಗುತ್ತದೆ.

ನಮ್ಮ ಸೀಮೆಯಲ್ಲಿ ಮಡಚುಗತ್ತಿಯು ಬರಿಯ ಶೋಕಿಯ ವಸ್ತುವಲ್ಲ. ಹೊಸೂರು, ಬಾಗಲೂರು, ತಳಿ, ಕೆಲಮಂಗಲಗಳ ಸುತ್ತ ಗುಲಾಬಿಗೆ ಕಣ್ಣು ಕಟ್ಟುವವರಿಗೂ, ಕೃಷ್ಣಗಿರಿಯ ಕಡೆ ಮಾವಿನ ಸಸಿಗಳಿಗೆ ಕಸಿ ಮಾಡುವವರಿಗೂ ಅದು ಅನ್ನದ ಉಪಕರಣ. ಕಸಿಯ ಕೊಂಬೆಯನ್ನು ಬೆಣೆಯಂತೆ ಕೆತ್ತುವಾಗ ಕೊಯ್ತವು ಒಂದೇ ಎಳೆತದಲ್ಲಿ ನುಣುಪಾಗಿ ಬರಬೇಕು. ಮೊಂಡು ಅಲಗು ಎಳೆಯ ಪದರವನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಗಾಯವು ಕೂಡಿಕೊಳ್ಳದೆ ಒಣಗುತ್ತದೆ. ನೂರು ಸಸಿಗಳಲ್ಲಿ ಎಷ್ಟು ಉಳಿದಾವು ಎಂಬ ಲೆಕ್ಕವು ಜೇಬಿನಲ್ಲಿರುವ ಆ ಸಣ್ಣ ಕತ್ತಿಯನ್ನೂ ಅವಲಂಬಿಸಿದೆ.

ಕಬ್ಬಿಣದೊಡನೆ ಈ ನೆಲದ ಸಂಬಂಧವು ಬಹು ಪುರಾತನವಾದುದು. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ದೊರೆತ ಕಬ್ಬಿಣದ ಅವಶೇಷಗಳ ಕಾಲವು ಕ್ರಿಸ್ತಪೂರ್ವ 2172ರಷ್ಟು ಹಿಂದಿನದೆಂದು ತಮಿಳುನಾಡು ಸರ್ಕಾರವು 2022ರಲ್ಲಿ ಪ್ರಕಟಿಸಿತು. ಮೈಸೂರು, ಸೇಲಂ ಸೀಮೆಗಳ ಮೂಸೆಯುಕ್ಕು ಯೂರೋಪಿನಲ್ಲಿ ‘ವೂಟ್ಸ್’ ಎಂದು ಹೆಸರಾಗಿತ್ತು. ಆ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅಂಥ ನೆಲದ ಮಕ್ಕಳಾದ ನಾವು ಉಕ್ಕನ್ನು ಪರೀಕ್ಷಿಸದೆ ಕೊಳ್ಳುವುದು ಶೋಭೆಯಲ್ಲ.

ಉಪಯೋಗವನ್ನು ಮೊದಲು ನಿಶ್ಚಯಿಸಿ

ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೂ, ತಮಿಳಿನಲ್ಲಿ ಕೇಳಿದರೂ, ತೆಲುಗಿನಲ್ಲಿ ಕೇಳಿದರೂ ‘ಕತ್ತಿ’ ಕತ್ತಿಯೇ. ಆದರೆ ಯಾವ ಕೆಲಸಕ್ಕೆಂಬುದನ್ನು ನಾವು ಹೇಳದಿದ್ದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಹಣ್ಣು ಹೆಚ್ಚುವುದಕ್ಕೂ ಗೋಣಿಚೀಲದ ದಾರ ಕತ್ತರಿಸುವುದಕ್ಕೂ ಎರಡು ಮಗ್ಗುಲೂ ಮಸೆದ ಸಾಮಾನ್ಯ ಅಲಗು ಸಾಕು. ಮಾವಿನ ಕಸಿಗೆ ಒಂದೇ ಮಗ್ಗುಲು ಮಸೆದ, ಇನ್ನೊಂದು ಮಗ್ಗುಲು ಚಪ್ಪಟೆಯಾದ ಅಲಗು ಮೇಲು. ಎಡಗೈಯವರು ಅದಕ್ಕೆ ತಕ್ಕಂತೆ ಮಸೆದುದನ್ನೇ ಕೇಳಿ ಪಡೆಯಬೇಕು. ಗುಲಾಬಿಯ ಕಣ್ಣು ಕಟ್ಟುವ ಕತ್ತಿಗಾದರೆ ತೊಗಟೆಯನ್ನು ಮೆಲ್ಲನೆ ಎಬ್ಬಿಸುವ ಮೊಂಡು ನಾಲಗೆಯೂ ಇರಬೇಕು.

ಉಕ್ಕಿನ ಪರೀಕ್ಷೆ

ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದು ಅಚ್ಚೊತ್ತಿದ ಮಾತ್ರಕ್ಕೆ ಅದು ಒಳ್ಳೆಯ ಕತ್ತಿಯಾಗಲಾರದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯವರು 1913ರಲ್ಲಿ ತಯಾರಿಸಿದ ತುಕ್ಕು ಹಿಡಿಯದ ಉಕ್ಕು ಇಂದು ಹಲವು ಬಗೆಯಾಗಿ ಬೆಳೆದಿದೆ. ತುಕ್ಕನ್ನು ತಡೆಯುವುದು ಅದರಲ್ಲಿರುವ ಕ್ರೋಮಿಯಂ. ಸುಮಾರು ಶೇಕಡ 10.5ಕ್ಕೆ ಕಡಮೆಯಿಲ್ಲದಂತೆ ಅದು ಬೆರೆತಿರಬೇಕು. ಆದರೆ ತಟ್ಟೆ-ಲೋಟಗಳಿಗೆ ಸಾಮಾನ್ಯವಾಗಿ ಬಳಸುವ ಬಗೆಯು ಎಷ್ಟು ಕಾಯಿಸಿ ತಣಿಸಿದರೂ ಗಡಸಾಗದು. ಅಂಥದನ್ನು ಅಯಸ್ಕಾಂತವು ಅಷ್ಟಾಗಿ ಸೆಳೆಯುವುದಿಲ್ಲ. ಆದುದರಿಂದ ಒಂದು ಚಿಕ್ಕ ಅಯಸ್ಕಾಂತವನ್ನು ಜೊತೆಗೆ ಒಯ್ಯುವುದು ಜಾಣತನ. ಅಲಗಿಗೆ ಅದು ಅಂಟದಿದ್ದರೆ ಆ ಕತ್ತಿಯನ್ನು ಕೆಳಗಿಡಬಹುದು. ಅಂಟಿತೆಂದ ಮಾತ್ರಕ್ಕೆ ಉತ್ತಮವೆಂದೂ ತಿಳಿಯಬಾರದು. ಮೆತು ಕಬ್ಬಿಣಕ್ಕೂ ಅಯಸ್ಕಾಂತ ಅಂಟುತ್ತದೆ.

ಕ್ರೋಮಿಯಂ ಬೆರೆಯದ ಹಳೆಯ ಬಗೆಯ ಉಕ್ಕನ್ನು ತಳ್ಳಿಹಾಕಬೇಕಾಗಿಲ್ಲ. ಮಾವಿನ ಸೊನೆ, ನಿಂಬೆಯ ರಸ ತಗುಲಿದರೆ ಅದು ಕಪ್ಪಾಗುತ್ತದೆ. ಒರೆಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಆದರೆ ಸಾಣೆಗೆ ಬೇಗ ಒಲಿಯುತ್ತದೆ. ದಿನವೂ ಒರೆಸಿ ಎಣ್ಣೆ ಸವರುವ ಶಿಸ್ತುಳ್ಳವರಿಗೆ ಅದೇ ಒಳ್ಳೆಯದು.

ಬಾಯಿ, ಬೆನ್ನು, ಕೀಲು

ಅಲಗನ್ನು ಪೂರ್ತಿ ಬಿಚ್ಚಿ, ಬಾಯಿಯನ್ನು ಬೆಳಕಿನ ಕಡೆಗೆ ತಿರುಗಿಸಿ ನೋಡಬೇಕು. ಹರಿತವಾದ ಬಾಯಿ ಬೆಳಕನ್ನು ಪ್ರತಿಫಲಿಸದು. ಬಿಳಿಯ ಗೆರೆ ಅಥವಾ ಚುಕ್ಕೆ ಮಿನುಗಿದ ಕಡೆ ಮೊಂಡಾಗಿದೆಯೆಂದೋ ಮುಕ್ಕಾಗಿದೆಯೆಂದೋ ಅರ್ಥ. ಬೆರಳನ್ನು ಬಾಯಿಯ ಉದ್ದಕ್ಕೂ ಎಳೆದು ನೋಡುವ ಅಭ್ಯಾಸವನ್ನು ಬಿಡಬೇಕು. ಒಂದು ತುಂಡು ಕಾಗದವೇ ಸಾಕು. ಕಾಗದವು ಹರಿಯದೆ ನೇರವಾಗಿ ಕೊಯ್ದುಹೋಗಬೇಕು. ಬಳಿಕ ಅಲಗನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಹಿಡಿಯ ಕಡೆಯಿಂದ ನೋಡಿದರೆ ಬೆನ್ನು ಸೊಟ್ಟಗಿದೆಯೋ ನೇರವಾಗಿದೆಯೋ ತಿಳಿಯುತ್ತದೆ.

ಮಡಚುಗತ್ತಿಯ ಜೀವವಿರುವುದು ಕೀಲಿನಲ್ಲಿ. ಬಿಚ್ಚಿದ ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಿ ನೋಡಿ. ಹೊಸತರಲ್ಲೇ ಗಡಗಡ ಎಂದರೆ ಆರು ತಿಂಗಳಲ್ಲಿ ಏನಾದೀತು? ಮಡಚಿದಾಗ ಅಲಗು ಎರಡು ಪಕ್ಕಗಳ ನಟ್ಟನಡುವೆ ಇಳಿಯಬೇಕು. ಒಂದು ಪಕ್ಕಕ್ಕೆ ಉಜ್ಜುತ್ತಿದ್ದರೆ ಬೇಗ ಮೊಂಡಾಗುತ್ತದೆ. ಕೀಲಿಗೆ ತಿರುಪು ಇದ್ದರೆ ಸಡಿಲವಾದಾಗ ಬಿಗಿಗೊಳಿಸಬಹುದು. ಬಡಿದು ಕೂರಿಸಿದ ಮೊಳೆಯಾದರೆ ಆ ಸೌಕರ್ಯವಿಲ್ಲ.

ಕೆಲವು ಕತ್ತಿಗಳಲ್ಲಿ ಅಲಗನ್ನು ಹಿಡಿದು ನಿಲ್ಲಿಸುವುದು ಬೆನ್ನಿನ ಸ್ಪ್ರಿಂಗು ಮಾತ್ರ, ಚಿಲಕವಿರುವುದಿಲ್ಲ. ಇಂಥವುಗಳಿಂದ ಕೊಯ್ಯಬೇಕೇ ಹೊರತು ಚುಚ್ಚುವುದು, ಮೀಟುವುದು ಸಲ್ಲದು. ಚಿಲಕವಿರುವ ಕತ್ತಿಯಾದರೆ, ಬೆರಳುಗಳು ಅಲಗಿನ ದಾರಿಗೆ ಅಡ್ಡ ಬಾರದಂತೆ ಹಿಡಿದು, ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲನೆ ಒತ್ತಿ ನೋಡಬೇಕು. ಅಷ್ಟಕ್ಕೇ ಮಡಚಿಕೊಂಡರೆ ಬೆಲೆ ಎಷ್ಟೇ ಅಗ್ಗವಾಗಿರಲಿ, ಹಿಂದಿರುಗಿಸಬೇಕು. ಫ್ರಾನ್ಸಿನ ಒಪಿನೆಲ್ ಕತ್ತಿಗೆ 1955ರಲ್ಲಿ ತಿರುಗುವ ಉಕ್ಕಿನ ಬಳೆಯನ್ನು ಸೇರಿಸಿದ್ದು ಕೆಲಸದ ನಡುವೆ ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಾರದೆಂದೇ.

ಬಿಲ್ಲು ಮತ್ತು ಕಾಯಿದೆ

“ಅಣ್ಣಾ, ಬಿಚ್ಚಿ ನೋಡಬಹುದೇ?” ಎಂದು ಕೇಳಲು ಸಂಕೋಚವೇಕೆ? ಒಳ್ಳೆಯ ಸರಕು ಇಟ್ಟವರು ಬೇಡವೆನ್ನುವುದಿಲ್ಲ. ಪರಿಚಯದ ಅಂಗಡಿಯಾದರೂ ಬಿಲ್ಲು ಪಡೆಯತಕ್ಕದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ದೋಷವುಳ್ಳ ಸರಕಿನ ಬಗೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆಗ ಬಿಲ್ಲೇ ಮುಖ್ಯ ಸಾಕ್ಷಿ.

ಇನ್ನೊಂದು ಎಚ್ಚರವೂ ಅವಶ್ಯ. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸಿವೆ. ಗೃಹಕೃತ್ಯ, ವ್ಯವಸಾಯ, ವಿಜ್ಞಾನ, ಕೈಗಾರಿಕೆಗಳಿಗಾಗಿ ಮಾಡಿದವುಗಳಿಗೆ ವಿನಾಯಿತಿಯುಂಟು. ತೋಟದ ಕೆಲಸಕ್ಕೆ ಮೂರು ಅಂಗುಲದ ಅಲಗು ಧಾರಾಳವಾಗಿ ಸಾಕು. ಗುಂಡಿ ಒತ್ತಿದೊಡನೆ ಚಿಮ್ಮುವ ಕತ್ತಿಯು ಕಸಿಗೂ ಬೇಡ, ಅಡುಗೆಗೂ ಬೇಡ. ಜಾತ್ರೆ-ಸಂತೆಗಳ ಜನಜಂಗುಳಿಗೆ ಯಾವ ಕತ್ತಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋಗದಿರುವುದೇ ಲೇಸು.

ಕೊಂಡ ಕತ್ತಿಯನ್ನು ಕೆಲಸ ಮುಗಿದೊಡನೆ ಒರೆಸಿ, ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಮಣ್ಣು ಮೆತ್ತಿದ ಅಲಗಿನಿಂದ ಗಾಯವಾದರೆ ಅರಿಸಿನ ಮೆತ್ತಿ ಸುಮ್ಮನಾಗದೆ, ಸೋಪು-ನೀರಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಅಂಗಡಿಯಲ್ಲಿ ಕಳೆದ ಐದು ನಿಮಿಷ ಕತ್ತಿಗೆ ಹತ್ತು ವರ್ಷದ ಆಯುಷ್ಯವನ್ನು ಕೊಡಬಲ್ಲುದು. ಬೆರಳಿಗಂತೂ ಅದಕ್ಕಿಂತ ಹೆಚ್ಚು.