ಭಾನುವಾರ ಹೊಸಬ, ಸೋಮವಾರ ಯಾರು?

ಕೋಲಾರದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಮಾಲೂರು ಟ್ರೈನಲ್ಲೋ ಮುಳಬಾಗಿಲು ಬಸ್ಸಲ್ಲೋ ಕೂತಿರೋರಿಗೆ ಇವತ್ತಿನ ವಿಷಯ ಹೊಸದೇನಲ್ಲ. ಮಾರ್ಕ್ಸ್ ಕಾರ್ಡಲ್ಲಿ ಒಂದು ಹೆಸರು, ಚರ್ಚಲ್ಲಿ ಇನ್ನೊಂದು ಹೆಸರು ಇರೋ ಫ್ರೆಂಡ್ ನಿಮಗೂ ಇರಬಹುದು. ನನ್ನ ಬಿಕಾಂ ಕ್ಲಾಸಲ್ಲೂ ಒಬ್ಬ ಇದ್ದ. ಅಟೆಂಡೆನ್ಸಲ್ಲಿ ತಾತ ಇಟ್ಟ ಹೆಸರು, ಭಾನುವಾರ ಮಾತ್ರ ಬೈಬಲ್ ಹೆಸರು. "ಯಾವುದೋ ನಿನ್ನ ನಿಜವಾದ ಹೆಸರು?" ಅಂತ ಕೇಳಿದ್ದೆ. "ಎರಡೂ ನಿಜಾನೇ ಮಗಾ, ಒಂದಕ್ಕೆ ಮಾತ್ರ ಸರ್ಟಿಫಿಕೇಟ್ ಇದೆ" ಅಂದ. ಆಗ ನಕ್ಕು ಸುಮ್ಮನಾಗಿದ್ದೆ.

ಮೊದಲು ನಂಬಿಕೆ ಏನು ಹೇಳುತ್ತೆ ನೋಡೋಣ. ಪ್ರೊಟೆಸ್ಟಂಟರು ದೀಕ್ಷಾಸ್ನಾನ ಅಂತಾರೆ, ಕ್ಯಾಥೊಲಿಕರು ಜ್ಞಾನಸ್ನಾನ ಅಂತಾರೆ. ಹಳೆಯ ಮನುಷ್ಯ ಕ್ರಿಸ್ತನ ಜೊತೆ ಸತ್ತ, ಹೊಸಬ ಎದ್ದ ಅನ್ನೋದು ಅದರ ಅರ್ಥ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಇದನ್ನ ಹೊಸ ಸೃಷ್ಟಿ ಅಂತ ಕರೀತಾನೆ. ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ. ಕುಡಿತ ಬಿಡು, ಸುಳ್ಳು ಬಿಡು, ಆಮೇಲೆ ದೇವರು ನಿನ್ನನ್ನ ಮಗ ಅಂತ ಒಪ್ಕೋತಾನೆ ಅಂತಲ್ಲ. ಒಪ್ಪಿ ಆಗಿದೆ, ಇನ್ನು ಆ ಮನೆ ಮಗನ ಹಾಗೆ ಬದುಕು ಅಂತ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಇದಕ್ಕೆ ಹಳೇ ಬಟ್ಟೆ ಕಳಚಿ ಹೊಸದು ತೊಡೋ ಹೋಲಿಕೆ ಇದೆ. ಬಟ್ಟೆ ಅಂದ್ಮೇಲೆ ದಿನಾ ಬೆಳಿಗ್ಗೆ ಹಾಕ್ಕೋಬೇಕಲ್ವಾ? ಮನೇಲಿ ಸಂಜೆ ಪ್ರಾರ್ಥನೆ, ಜಗಳ ಆದೋರ ಹತ್ರ ಹೋಗಿ ಮಾತಾಡೋದು, ಸಂಬಳದಲ್ಲಿ ದಶಮಾಂಶ ಎತ್ತಿಡೋದು, ಎಲ್ಲಾ ಆ ತೊಡೋ ಕೆಲಸವೇ.

ಕಾಮರ್ಸ್ ಓದಿದವನಿಗೆ ಫಿಲೆಮೋನನಿಗೆ ಬರೆದ ಪುಟ್ಟ ಪತ್ರ ತುಂಬಾ ಇಷ್ಟ ಆಗುತ್ತೆ. ಒನೇಸಿಮ ಅನ್ನೋ ಗುಲಾಮ ಯಜಮಾನನಿಂದ ದೂರ ಆಗಿ ಪೌಲನ ಹತ್ರ ಸೇರಿ ಕ್ರೈಸ್ತ ಆಗ್ತಾನೆ. ಅವನನ್ನ ವಾಪಸ್ ಕಳಿಸ್ತಾ ಪೌಲ, ಇನ್ನು ಇವನು ಗುಲಾಮ ಅಲ್ಲ, ತಮ್ಮ ಅಂತ ಸೇರಿಸ್ಕೋ, ಬಾಕಿ ಏನಾದ್ರೂ ಇದ್ರೆ ನನ್ನ ಲೆಕ್ಕಕ್ಕೆ ಬರ್ಕೋ ಅಂತಾನೆ. ಅಂದ್ರೆ ಹೊಸ ಗುರುತನ್ನ ಒನೇಸಿಮ ಒಬ್ಬನೇ ನಂಬಿದ್ರೆ ಸಾಲದು, ಎದುರುಗಡೆ ಯಜಮಾನನೂ ಒಪ್ಪಬೇಕು.

ನಮ್ಮ ಜಿಲ್ಲೆಯಲ್ಲಿ ಕಷ್ಟ ಶುರುವಾಗೋದೇ ಅಲ್ಲಿ. 2011ರ ಜನಗಣತಿ ಪ್ರಕಾರ ಕೋಲಾರದಲ್ಲಿ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು. 2022ರಲ್ಲಿ ಮಾಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೇವರ ಕೋಲು ಮುಟ್ಟಿದ ಅಂತ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದು ನೆನಪಿದೆಯಾ? ಇಂಥ ಕಡೆ ಒಬ್ಬ, ನಾನೀಗ ದೇವರ ಮಗ ಅಂದ್ರೆ ಅದು ಬರೀ ಭಾನುವಾರದ ಮಾತಾಗಿ ಉಳಿಯಲ್ಲ.

ಕಾನೂನು ಏನನ್ನುತ್ತೆ? 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರು ಹೊರಗೇ ಉಳಿದರು. ಮದ್ರಾಸಿನಲ್ಲಿ ಚಪ್ಪಲಿ ಹೊಲಿಯೋ ಸೂಸೈ ಅನ್ನೋರಿಗೆ ಸರ್ಕಾರದ ಉಚಿತ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಕಾರಣ ಕ್ರೈಸ್ತ. 1985ರಲ್ಲಿ ಸುಪ್ರೀಂ ಕೋರ್ಟಲ್ಲೂ ಸೋತರು. ಮತಾಂತರ ಆದ್ಮೇಲೂ ಅದೇ ಮಟ್ಟದ ಹಿಂದುಳಿದಿರುವಿಕೆ ಇದೆ ಅಂತ ತೋರಿಸೋ ದಾಖಲೆ ಇಲ್ಲ ಅಂತ ಕೋರ್ಟ್ ಹೇಳ್ತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ಕ್ಕೆ ಬರ್ತಾರೆ. ಆ ಪ್ರವರ್ಗದ ಅಷ್ಟೂ ಜಾತಿಗಳಿಗೆ ಸೇರಿ ಇರೋದು ಶೇ. 4 ಮೀಸಲಾತಿ. ಮುಳಬಾಗಿಲಿನಂಥ ಮೀಸಲು ಕ್ಷೇತ್ರದಲ್ಲಿ ಎಲೆಕ್ಷನ್‌ಗೆ ನಿಲ್ಲೋ ಹಾಗಿಲ್ಲ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಇಲ್ಲ. ಓಣಿ ಅದೇ, ಬೈಗುಳ ಅದೇ.

ಭಯ ಇನ್ನೊಂದು ಕಡೆಯಿಂದ. 2021ರ ಡಿಸೆಂಬರ್‌ನಲ್ಲಿ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹಂಚ್ತಿದ್ದ ಕ್ರೈಸ್ತ ಪುಸ್ತಕಗಳನ್ನ ಕೆಲವರು ಕಿತ್ಕೊಂಡು ಸುಟ್ಟರು. 2022ರ ಕಾಯ್ದೆ, ಮತ ಬದಲಿಸೋಕೆ 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ಫಾರಂ ಕೊಡಬೇಕು ಅಂತು. ಅದನ್ನ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕೇಳ್ತಾರೆ. ಕಾಯ್ದೆ ರದ್ದು ಮಾಡೋಣ ಅಂತ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನ ಮಾಡಿತು.

ಹಾಗಂತ ಚರ್ಚ್ ಒಳಗೆ ಎಲ್ಲಾ ಸರಿ ಇದೆ ಅಂತಲ್ಲ. ಪಕ್ಕದ ತಮಿಳುನಾಡಲ್ಲಿ ಜಾತಿಗೊಂದು ಸಮಾಧಿ ಜಾಗ ಇರೋ ಊರುಗಳಿವೆ. ನನ್ನ ಫ್ರೆಂಡ್‌ಗೆ ಹೆಣ್ಣು ನೋಡೋವಾಗ, ಇಬ್ಬರೂ ಒಂದೇ ಸಭೆಯವರಾದ್ರೂ, ಹುಡುಗಿ ಕಡೆಯವರು ಮೊದಲು ಕೇಳಿದ್ದು "ನೀವು ಮೊದಲು ಯಾವ ಜನ?" ಅಂತ. ಫಿಲೆಮೋನ ಪತ್ರ ಓದಿ ಆಮೆನ್ ಅನ್ನೋರೇ ಕೇಳಿದ್ದು. ನನಗೆ ಕಾನೂನಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ.

2025ರ ಜಾತಿ ಸಮೀಕ್ಷೆ ನೆನಪಿರಬೇಕು. ಜಾತಿ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳು ಪಟ್ಟಿಯಲ್ಲಿದ್ದವು, ಗಲಾಟೆ ಆಯ್ತು, ಆಯೋಗ ಅಂಥ 33 ಹೆಸರುಗಳನ್ನ ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡ್ತು. ಆಗ ಫ್ರೆಂಡ್‌ಗೆ ಫೋನ್ ಮಾಡಿ, ನಿಮ್ಮ ಮನೇಲಿ ಏನು ಬರೆಸಿದ್ರಿ ಅಂತ ಕೇಳ್ದೆ.

"ನಾನು ನರಸಾಪುರದಲ್ಲಿ ಡ್ಯೂಟೀಲಿದ್ದೆ ಮಗಾ. ಅಮ್ಮ ಬರೆಸಿದ್ಲು. ಅವಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ನಿಮ್ಮ ಮನೇಲಿ ಇದರ ಬಗ್ಗೆ ಮಾತಾಗಿದ್ರೆ ವಾಯ್ಸ್ ನೋಟ್ ಕಳಿಸಿ, ಹೆಸರು ಹೇಳೋದು ಬೇಡ. ಮುಂದಿನ ವಾರ ಸಿಗೋಣ.