ಕೇರ್‌ಗಿವರ್ ಆಗಿ ಕೆನಡಾಕ್ಕೆ? ಸ್ವಲ್ಪ ತಾಳಿ!

'ಮಗು ನೋಡಿಕೊಳ್ಳುವ ಕೆಲಸ, ಕೈತುಂಬಾ ಸಂಬಳ, ಎರಡೇ ವರ್ಷಕ್ಕೆ ಪಿ.ಆರ್., ಆಮೇಲೆ ಗಂಡ-ಮಕ್ಕಳನ್ನೂ ಕರೆಸಿಕೊಳ್ಳಬಹುದು!' ಇಂಥ ಆಹ್ವಾನ ಮೊಬೈಲಿಗೆ ಬಂದಾಗ ಮನಸ್ಸು ಒಂದು ಕ್ಷಣ ವಿಮಾನ ಹತ್ತುವುದು ಸಹಜವೇ. ಮನೆಯಲ್ಲಿ ಅತ್ತೆಯವರನ್ನು ನೋಡಿಕೊಳ್ಳಲು ಬರುವ ಹುಡುಗಿ 'ಅಮ್ಮಾ, ಏಜೆಂಟ್ ಐದು ಲಕ್ಷ ಕೇಳ್ತಿದ್ದಾನೆ, ಕೊಡ್ಲಾ?' ಅಂತ ನಿಮ್ಮನ್ನೇ ಕೇಳಿದರೆ?

ಸದ್ಯಕ್ಕಂತೂ 'ಬೇಡ' ಎನ್ನಿ. ಕಾರಣ ಇದೆ.

ಮನೆಯಲ್ಲಿದ್ದು ಆರೈಕೆ ಮಾಡುವವರಿಗೆ ಶಾಶ್ವತ ವಾಸದ ದಾರಿ ತೋರಿಸಿದ ದೇಶಗಳಲ್ಲಿ ಕೆನಡಾ ಮುಖ್ಯವಾದದ್ದು. 1992ರಿಂದ 2014ರವರೆಗೆ ಅಲ್ಲಿ 'ಲಿವ್-ಇನ್ ಕೇರ್‌ಗಿವರ್' ಯೋಜನೆ ಇತ್ತು. ಯಜಮಾನರ ಮನೆಯಲ್ಲೇ ಉಳಿದು ಎರಡು ವರ್ಷ ದುಡಿದರೆ ಪಿ.ಆರ್.ಗೆ ಅರ್ಜಿ ಹಾಕಬಹುದಿತ್ತು. ಬಂದವರಲ್ಲಿ ಹೆಚ್ಚಿನವರು ಫಿಲಿಪ್ಪೀನ್ಸ್‌ನ ಹೆಂಗಸರು, ನಮ್ಮವರೂ ಇದ್ದರು. ಕೇಳೋಕೆ ಚೆನ್ನ. ಆದರೆ ಅನೇಕರು ತಮ್ಮ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬೇರೆಯವರ ಮಕ್ಕಳಿಗೆ ತುತ್ತು ತಿನ್ನಿಸಬೇಕಿತ್ತು. ಎರಡು ವರ್ಷದ ದುಡಿಮೆಯ ಮೇಲೆ ಅರ್ಜಿ ವಿಲೇವಾರಿಗೆ ಮತ್ತಷ್ಟು ವರ್ಷ. ಅಮ್ಮ ಕರೆಸಿಕೊಳ್ಳುವ ಹೊತ್ತಿಗೆ ತೊಟ್ಟಿಲ ಮಗು ಶಾಲೆಗೆ ಹೋಗುತ್ತಿತ್ತು, ಶಾಲೆಯ ಮಗು ಮೀಸೆ ಬಂದ ಹುಡುಗನಾಗಿದ್ದ. ಏರ್‌ಪೋರ್ಟಿನಲ್ಲಿ ಎದುರಾದಾಗ ಇಬ್ಬರಿಗೂ ಸಂಕೋಚ! ಈ ಲೆಕ್ಕ ಯಾವ ಏಜೆಂಟನ ಕರಪತ್ರದಲ್ಲೂ ಇರುವುದಿಲ್ಲ.

2014ರಲ್ಲಿ ಯಜಮಾನರ ಮನೆಯಲ್ಲೇ ಇರಬೇಕೆಂಬ ಕಡ್ಡಾಯ ಹೋಯಿತು. 2019ರಲ್ಲಿ ಬಂದ ಐದು ವರ್ಷದ ಪ್ರಾಯೋಗಿಕ ಯೋಜನೆಯಲ್ಲಿ ಕುಟುಂಬವೂ ಜೊತೆಗೆ ಹೋಗಲು ಅವಕಾಶವಿತ್ತು. ಅದು 2024ರ ಜೂನ್‌ಗೆ ಮುಗಿಯಿತು. ಮುಂದಿನದು 2025ರ ಮಾರ್ಚ್ 31ರಂದು ತೆರೆಯಿತು. ಮಕ್ಕಳ ಆರೈಕೆ ಒಂದು ವಿಭಾಗ, ವೃದ್ಧರು ಮತ್ತು ಅಶಕ್ತರ ಆರೈಕೆ ಇನ್ನೊಂದು. ಒಂದೊಂದಕ್ಕೆ 2,750 ಅರ್ಜಿಗಳ ಮಿತಿ, ಅದೂ ಆಗಲೇ ಕೆನಡಾದಲ್ಲಿ ಇದ್ದವರಿಗೆ ಮಾತ್ರ. ತೆರೆದ ಕೂಡಲೇ ಭರ್ತಿ! ಹೊರದೇಶದಿಂದ ಅರ್ಜಿ ಹಾಕುವವರ ವಿಭಾಗ ತೆರೆಯಲೇ ಇಲ್ಲ. 2026ರ ಮಾರ್ಚ್‌ನಲ್ಲಿ ಮತ್ತೆ ತೆರೆಯಬೇಕಿದ್ದ ಯೋಜನೆ ತೆರೆಯುವುದಿಲ್ಲ ಎಂದು 2025ರ ಡಿಸೆಂಬರ್‌ನಲ್ಲೇ ಅಲ್ಲಿನ ಸರ್ಕಾರ ಹೇಳಿಬಿಟ್ಟಿತು. ಹಾಗಿದ್ದ ಮೇಲೆ 'ನಿಮಗೊಂದು ಸೀಟು ಕಾದಿರಿಸಿದ್ದೇವೆ' ಅನ್ನುವವರು ಯಾವ ಸೀಟು ಮಾರುತ್ತಿದ್ದಾರೆ, ನೀವೇ ಹೇಳಿ.

'ಮುಂದೆ ತೆರೆದರೆ?' ಅನ್ನುವವರಿಗೆ ಕಳೆದ ಸಲದ ಷರತ್ತುಗಳನ್ನು ತಿಳಿದಿರುವುದು ಒಳ್ಳೆಯದು. ಕೆನಡಾದ ಪ್ರೌಢಶಾಲೆಗೆ ಸಮಾನವಾದ ಓದು, ಅದನ್ನು ಅಲ್ಲಿನ ಮಾನ್ಯ ಸಂಸ್ಥೆಯಿಂದ ಪ್ರಮಾಣೀಕರಿಸಿಕೊಂಡ ಪತ್ರ, ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿ ನಾಲ್ಕನೇ ಹಂತ (ಐಇಎಲ್‌ಟಿಎಸ್‌ನಲ್ಲಿ ಮಾತಿಗೆ, ಬರವಣಿಗೆಗೆ ನಾಲ್ಕು ಅಂಕ ಸಾಕು), ಪೂರ್ಣಾವಧಿ ಕೆಲಸದ ನಿಜವಾದ ಕರೆ, ಜೊತೆಗೆ ಆರು ತಿಂಗಳ ಅನುಭವ ಅಥವಾ ಅಷ್ಟೇ ಅವಧಿಯ ತರಬೇತಿ.

ಗೃಹಿಣಿಯರೇ, ಅನುಭವದ ವಿಷಯ ಸ್ವಲ್ಪ ಗಮನಿಸಿ. 'ಇಬ್ಬರು ಮಕ್ಕಳನ್ನು ಸಾಕಿಲ್ವೇ, ಹಾಸಿಗೆ ಹಿಡಿದ ಮಾವನ್ನ ನೋಡಿಕೊಂಡಿಲ್ವೇ?' ಅಂದರೆ ಅಲ್ಲಿ ನಡೆಯುವುದಿಲ್ಲ. ಸಂಬಳ ಪಡೆದು ಮಾಡಿದ್ದಷ್ಟೇ ಅನುಭವ! ಕಸ-ಮುಸುರೆಯ ಮನೆಗೆಲಸವೂ ಎಣಿಕೆಗೆ ಬರುವುದಿಲ್ಲ. ನಿಮ್ಮ ಮನೆಗೆ ಬರುವ ಹುಡುಗಿಗೆ ನೀವು ಮಾಡಬಹುದಾದ ನಿಜವಾದ ಉಪಕಾರ ಇಲ್ಲೇ ಇದೆ. ಸಂಬಳ ಬ್ಯಾಂಕಿಗೆ ಹಾಕಿ. ಎಂದಿನಿಂದ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಅಂತ ಸಹಿ ಹಾಕಿದ ಪತ್ರ ಕೊಡಿ. ನಮಗೆ ಖರ್ಚಿಲ್ಲದ ಕೆಲಸ, ಆದರೂ ಎಷ್ಟು ಜನ ಕೊಡ್ತೀವಿ?

ಇನ್ನು ಹಣದ ಮಾತು. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ನೇಮಕಾತಿ ಏಜೆಂಟರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಹೆಸರು ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿ. ಹಣ ಪಡೆದು ಕೆನಡಾದ ವಲಸೆ ಅರ್ಜಿಯ ಸಲಹೆ ನೀಡಬೇಕಾದರೆ ಆತ ಅಲ್ಲಿನ ಪರವಾನಗಿ ಪಡೆದ ಸಲಹೆಗಾರನೋ ವಕೀಲನೋ ಆಗಿರಬೇಕು. ಆ ಪಟ್ಟಿಯೂ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. 'ಮೊದಲು ವಿಸಿಟರ್ ವೀಸಾದಲ್ಲಿ ಹೋಗಿ, ಉಳಿದದ್ದು ಅಲ್ಲಿ ನೋಡ್ಕೊಳ್ಳೋಣ' ಎಂದರೆ ಎದ್ದು ಬನ್ನಿ. ಆ ವೀಸಾದಲ್ಲಿ ದುಡಿಯುವುದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಮುಂದಿನ ದಾರಿಗೂ ಕಲ್ಲು.

ಈಗಾಗಲೇ ಅಲ್ಲಿರುವ ತಂಗಿಯೋ ನಾದಿನಿಯೋ ಇದ್ದರೆ ಒಂದು ಮಾತು ತಿಳಿಸಿ. ಯಜಮಾನರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಹಿಂಸೆ ಕೊಟ್ಟರೆ, ಬೇರೆ ಕಡೆ ದುಡಿಯಲು ಅನುಕೂಲವಾಗುವ ವಿಶೇಷ ಪರ್ಮಿಟ್‌ಗೆ ಅರ್ಜಿ ಹಾಕಬಹುದು. 2019ರಿಂದ ಈ ಸೌಲಭ್ಯ ಇದೆ.

ಬೇರೆ ದೇಶಗಳ ಕಥೆ? ಬ್ರಿಟನ್ 2025ರ ಜುಲೈ 22ರಿಂದ ಹೊರದೇಶದ ಕೇರ್ ವರ್ಕರ್‌ಗಳ ಹೊಸ ನೇಮಕ ನಿಲ್ಲಿಸಿದೆ. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲ್‌ನಲ್ಲಿ ಈ ಕೆಲಸ ಮಾಡುತ್ತಾರೆ. ದುಡ್ಡು ಚೆನ್ನಾಗಿ ಕೂಡಿಬರುತ್ತದೆ, ಆದರೆ ಆ ಕೆಲಸದಿಂದ ಅಲ್ಲಿ ಶಾಶ್ವತ ವಾಸ ಸಿಗುವುದಿಲ್ಲ. ಮಗಳು ನರ್ಸಿಂಗ್ ಓದಿದ್ದರೆ ಮಾತ್ರ ವಿಷಯವೇ ಬೇರೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆರೋಗ್ಯ ಕ್ಷೇತ್ರದವರಿಗೆಂದೇ ಒಂದು ವಿಭಾಗವಿದೆ. ಅಂಥವಳು ಆಯಾ ಕೆಲಸದ ಹಾದಿ ಹಿಡಿಯುವ ಮೊದಲು ಅದನ್ನು ನೋಡಲಿ.