ಮಾತಿಗೆ ಎದ್ದಾಗ ಎದೆ ಹೊಡೆದುಕೊಳ್ಳುವುದೇಕೆ?

ಪ್ರಶ್ನೆ: ಮೊದಲು ಇರದಿದ್ದ ಹೆದರಿಕೆ ಈಗ ತರಗತಿಯ ಮುಂದೆ ನಿಂತ ಕೂಡಲೇ ಬರುತ್ತದೆ. ಏನು ಮಾಡಲಿ?

ಉತ್ತರ: ಎದೆಬಡಿತ ಏರುವುದು, ಬಾಯಿ ಒಣಗುವುದು ಅಡ್ರಿನಲಿನ್‌ನ ಕೆಲಸ, ನಿಮಗೆ ವಿಷಯ ಗೊತ್ತಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ನಡುಕ ಎಲ್ಲರಿಗೂ ಕಾಣುತ್ತಿದೆ ಎಂಬ ಎಣಿಕೆಯೇ ಅದನ್ನು ಹೆಚ್ಚಿಸುತ್ತದೆ. ಕೆನೆತ್ ಸವಿಟ್ಸ್ಕಿ, ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಗಿನ ಅಳುಕು ಹೊರಗೆ ಅಷ್ಟಾಗಿ ಕಾಣುವುದಿಲ್ಲವೆಂದು ಮೊದಲೇ ತಿಳಿದುಕೊಂಡ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು.

ತಿಳಿದ ಮಾತ್ರಕ್ಕೆ ಹೆದರಿಕೆ ಹೋದೀತೇ ಎನ್ನಬಹುದು. ಪೂರ್ತಿ ಹೋಗದು, ಅಭ್ಯಾಸ ಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ತಾಳಮದ್ದಳೆಯನ್ನು, ಅಂದರೆ ವೇಷ-ಕುಣಿತಗಳಿಲ್ಲದ ಯಕ್ಷಗಾನ ಕೂಟವನ್ನು ನೋಡಿ: ಬರೆದಿಟ್ಟ ಸಂಭಾಷಣೆಯಿಲ್ಲ, ಎದುರು ಪಾತ್ರದ ಪ್ರಶ್ನೆಗೆ ಅಲ್ಲೇ ಉತ್ತರಿಸಬೇಕು. ಅದು ಹುಟ್ಟುಪ್ರತಿಭೆಯವರಿಗೆ ಮಾತ್ರ ಎಂಬುದನ್ನು ನಾನು ಒಪ್ಪುವುದಿಲ್ಲ. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಪ್ರಸಂಗದ, ಅಂದರೆ ಆ ಕಥೆಯ, ಪದ್ಯಗಳ ಆಧಾರವಿದೆ. ಹೊಸಬರು ಸಾಮಾನ್ಯವಾಗಿ ಸಣ್ಣ ಪಾತ್ರದಿಂದಲೇ ತೊಡಗುತ್ತಾರೆ. ನೀವೂ ಮೊದಲ ಎರಡು ವಾಕ್ಯ ಗಟ್ಟಿ ಮಾಡಿಕೊಳ್ಳಿ, ಉಳಿದದ್ದಕ್ಕೆ ಚೀಟಿ ಹಿಡಿಯಿರಿ. ಮನೆಮಾತು ತುಳುವೋ ಬ್ಯಾರಿಯೋ ಆಗಿದ್ದರೆ ಮೊದಲು ಅದರಲ್ಲೇ ಹೇಳಿ ನೋಡಿ, ಬಳಿಕ ಇಬ್ಬರು ಗೆಳೆಯರೆದುರು. ಮಾತಾಡಬೇಕಾದ ದಿನ ರಜೆ ಹಾಕಿದರೆ ನೆಮ್ಮದಿ ಸಿಗುತ್ತದೆ ನಿಜ, ಆದರೆ ಮುಂದಿನ ಸಲದ ಹೆದರಿಕೆಗೆ ಅದೇ ಗೊಬ್ಬರ. ತರಗತಿ ನಗುತ್ತದೆ ಎಂಬುದೇ ಕಾರಣವಾದರೆ ಅದನ್ನು ತಡೆಯುವ ಹೊಣೆ ಶಿಕ್ಷಕರದು, ಅವರಿಗೆ ಹೇಳಿ. ನಿದ್ದೆ, ಊಟ ಕೆಡುವಷ್ಟಾದರೆ ವೈದ್ಯರನ್ನು ಕಾಣಿ.